ಹನ್ನೆರಡು ವಾರದ ಸ್ಕ್ಯಾನ್ ಫೋಟೋ ನೋಡಿ ಗಂಡೋ ಹೆಣ್ಣೋ ಹೇಳೋಕೆ ಆಗುತ್ತಾ?

ಕಾಫಿಹೂವು, ಮೂಡಿಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲ ಸಲ.

ನನಗೀಗ ಹನ್ನೆರಡು ವಾರ. ಮೊದಲ ಬಸುರಿ. ಮೊನ್ನೆ ಚಿಕ್ಕಮಗಳೂರಿಗೆ ಹೋಗಿ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವುದು) ಮಾಡಿಸಿಕೊಂಡು ಬಂದೆವು. ಡಾಕ್ಟರು ಎಲ್ಲ ಚೆನ್ನಾಗಿದೆ ಅಂದರು. ಮನೆಗೆ ಬಂದ ಮೇಲೆ ಚಿಕ್ಕಮ್ಮನ ಮಗಳು ಒಂದು ವಿಡಿಯೋ ಕಳಿಸಿದಳು. ಮಾಸು ಬಲಗಡೆ ಕೂತಿದ್ದರೆ ಗಂಡು, ಎಡಗಡೆ ಆದರೆ ಹೆಣ್ಣು ಅಂತ ಅದರಲ್ಲಿ ಹೇಳುತ್ತಾರೆ. ಇನ್ನೊಂದು ವಿಡಿಯೋದಲ್ಲಿ ಮಗುವಿನ ಎದೆಬಡಿತ 140 ದಾಟಿದರೆ ಹೆಣ್ಣು ಅಂತಿದೆ. ನೋಡಿ ನೋಡಿ ತಲೆ ಕೆಟ್ಟಿದೆ.

ನನ್ನ ರಿಪೋರ್ಟಲ್ಲಿ ಹೀಗಿದೆ: ಸಿಆರ್‌ಎಲ್ (ಮಗುವಿನ ಉದ್ದ) 58 ಮಿಲಿಮೀಟರ್, ಎನ್‌ಟಿ 1.3 ಮಿಲಿಮೀಟರ್, ಎಫ್‌ಹೆಚ್‌ಆರ್ (ಎದೆಬಡಿತ) 158, ಪ್ಲಾಸೆಂಟಾ (ಮಾಸು) ಪೋಸ್ಟೀರಿಯರ್. ಫೋಟೋ ಕೆಳಗೆ ಹಾಕಿದ್ದೇನೆ. ಅನುಭವ ಇರುವವರು ನೋಡಿ ಹೇಳುತ್ತೀರಾ? ಖಚಿತ ಆಗಿರಬೇಕು ಅಂತೇನಿಲ್ಲ, ಅಂದಾಜು ಸಾಕು.

ನಿರ್ವಾಹಕಿ

ಕಾಫಿಹೂವು ಅವರೇ, ಫೋಟೋ ತೆಗೆದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಅದರ ಮೂಲೆಯಲ್ಲಿ ನಿಮ್ಮ ಹೆಸರು, ವಯಸ್ಸು, ಆಸ್ಪತ್ರೆಯ ನಂಬರ್ ಎಲ್ಲ ಕಾಣುತ್ತಿತ್ತು. ಇನ್ನೊಂದು ಮಾತು. ಇಲ್ಲಿ ಯಾರೂ ಗಂಡು, ಹೆಣ್ಣು ಅಂತ ಊಹೆ ಹೇಳಬೇಡಿ. ಹೇಳಿದರೆ ಆ ಕಾಮೆಂಟ್ ತೆಗೆಯುತ್ತೇನೆ. ಪ್ರಶ್ನೆಯನ್ನು ಮಾತ್ರ ತೆಗೆಯುವುದಿಲ್ಲ, ಯಾಕೆಂದರೆ ಇದು ಬಹಳ ಜನರ ಮನಸ್ಸಲ್ಲಿ ಇರುವ ಪ್ರಶ್ನೆ.

ಸ್ಕ್ಯಾನ್ ರೂಮ್ ಅಕ್ಕ, ಹಾಸನ

ತಂಗಿ, ಮೊದಲು ಒಂದು ಮಾತು. ನಿನ್ನ ರಿಪೋರ್ಟಿನ ನಂಬರುಗಳು ಚೆನ್ನಾಗಿವೆ, ಅದನ್ನು ಕೇಳಿ ಸಂತೋಷಪಡು. ನಾನು ಹಾಸನದಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನರ್ಸ್ ಆಗಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಸ್ಕ್ಯಾನ್ ಮಾಡುವವರು ಡಾಕ್ಟರು. ಬಸುರಿಯರನ್ನು ಮಲಗಿಸುವುದು, ಜೆಲ್ ಹಚ್ಚುವುದು, ಕಾನೂನು ಪ್ರಕಾರ ಬೇಕಾದ ಫಾರಂ ಎಫ್ ತುಂಬಿಸುವುದು ನನ್ನ ಕೆಲಸ. ನೀನು ಕೇಳಿದ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ದಿನಾ ನನ್ನ ಕಿವಿಗೆ ಬೀಳುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಎದೆಬಡಿತದ ಮಾತು ತಗೋ. ಆರನೇ ವಾರದ ಹೊತ್ತಿಗೆ ಮಗುವಿನ ಎದೆ ನಿಮಿಷಕ್ಕೆ ಸುಮಾರು 110 ಸಲ ಬಡಿಯುತ್ತದೆ. ಒಂಬತ್ತನೇ ವಾರಕ್ಕೆ ಅದು 170ರ ಆಸುಪಾಸಿಗೆ ಏರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತಾ ಬಂದು ಹೆರಿಗೆ ಹೊತ್ತಿಗೆ 110ರಿಂದ 160ರ ಒಳಗೆ ನಿಲ್ಲುತ್ತದೆ. ಗಂಡಿಗೂ ಇದೇ ಲೆಕ್ಕ, ಹೆಣ್ಣಿಗೂ ಇದೇ ಲೆಕ್ಕ. ಹನ್ನೆರಡು ವಾರದಲ್ಲಿ ನಮ್ಮಲ್ಲಿಗೆ ಬರುವ ಹೆಚ್ಚುಕಮ್ಮಿ ಎಲ್ಲ ಮಕ್ಕಳ ಎದೆಬಡಿತವೂ 140 ದಾಟಿರುತ್ತದೆ. ಆ ವಿಡಿಯೋ ನಂಬಿದರೆ ಹಾಸನದಲ್ಲಿ ಗಂಡು ಮಕ್ಕಳೇ ಹುಟ್ಟಬಾರದು.

ಇನ್ನು ಮಾಸು. ರಿಪೋರ್ಟಲ್ಲಿ ಪ್ಲಾಸೆಂಟಾ ಆಂಟೀರಿಯರ್ ಅಂತ ಇದ್ದರೆ ಮಾಸು ಗರ್ಭಕೋಶದ ಮುಂದಿನ ಗೋಡೆಗೆ ಅಂಟಿದೆ ಅಂತ ಅರ್ಥ. ಪೋಸ್ಟೀರಿಯರ್ ಅಂದರೆ ಹಿಂದಿನ ಗೋಡೆಗೆ. ಇದರಲ್ಲಿ ಗುಟ್ಟಿನ ಸಂಕೇತ ಏನೂ ಇಲ್ಲ. "ಡಾಕ್ಟರು ಬಾಯಲ್ಲಿ ಹೇಳೋ ಹಾಗಿಲ್ಲ, ಅದಕ್ಕೇ ಪೋಸ್ಟೀರಿಯರ್ ಅಂತ ಬರೆದಿದ್ದಾರೆ" ಅಂದುಕೊಂಡು ಖುಷಿಯಾಗಿ ಹೋದವರನ್ನೂ ನೋಡಿದ್ದೇನೆ, ಅಳುತ್ತಾ ಹೋದವರನ್ನೂ ನೋಡಿದ್ದೇನೆ. ಎರಡಕ್ಕೂ ಅರ್ಥವಿಲ್ಲ. ಅದನ್ನು ಬರೆಯುವ ಕಾರಣ ಬೇರೆ. ಮಾಸು ತೀರಾ ಕೆಳಗೆ, ಗರ್ಭಕೋಶದ ಬಾಯಿ ಹತ್ತಿರ ಕೂತಿದ್ದರೆ ಹೆರಿಗೆ ಹೊತ್ತಿಗೆ ರಕ್ತ ಹೋಗುವ ಅಪಾಯ ಇದೆ. ಅದರ ಮೇಲೆ ಕಣ್ಣಿಡಬೇಕು.

ಬಲ, ಎಡದ ಮಾತಂತೂ ನಿಲ್ಲುವುದೇ ಇಲ್ಲ. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡುವಾಗ ಸಾಮಾನ್ಯವಾಗಿ ಸ್ಕ್ರೀನಿನ ಎಡಗಡೆ ಕಾಣುವುದು ತಾಯಿಯ ಬಲಗಡೆ. ಕೈಯಲ್ಲಿರುವ ಪ್ರೋಬ್ ತಿರುಗಿಸಿ ಹಿಡಿದರೆ ಚಿತ್ರವೂ ತಿರುಗುತ್ತದೆ. ಒಂದು ಫೋಟೋ ನೋಡಿ ಬಲ ಯಾವುದು ಎಡ ಯಾವುದು ಅಂತ ಹೇಳುವುದೇ ಕಷ್ಟ. ಎಲ್ಲಕ್ಕಿಂತ ಮುಖ್ಯವಾದದ್ದು, ಗಂಡೋ ಹೆಣ್ಣೋ ಅನ್ನುವುದು ಅಪ್ಪನ ವೀರ್ಯಾಣು ಬಂದು ಸೇರಿದ ಕ್ಷಣದಲ್ಲೇ ಮುಗಿದುಹೋದ ವಿಷಯ. ಭ್ರೂಣ ಗರ್ಭಕೋಶಕ್ಕೆ ಅಂಟುವುದು ಅದಾಗಿ ಸುಮಾರು ವಾರದ ಮೇಲೆ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಅಂಟುತ್ತದೆ.

ಎರಡು ಜಡೆ ಅಮ್ಮ, ಬೇಲೂರು

ಅಕ್ಕ ಬರೆದದ್ದು ಓದಿ ಸಮಾಧಾನ ಆಯಿತು. ಇದನ್ನೇ ಆರು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ!

ನನ್ನ ಎರಡನೇ ಬಸುರಿಯಲ್ಲಿ ನಮ್ಮ ಸಂಬಂಧಿಕರೊಬ್ಬರು ಸ್ಕ್ಯಾನ್ ಫೋಟೋ ನೋಡಿ "ಇದು ಗಂಡೇ, ತಲೆಬುರುಡೆ ನೋಡಿದರೆ ಗೊತ್ತಾಗುತ್ತೆ" ಅಂದರು. ಅವರು ಡಾಕ್ಟರಲ್ಲ, ಏನೂ ಅಲ್ಲ. ಆದರೂ ಮನೆಯಲ್ಲಿ ಎಲ್ಲರೂ ನಂಬಿದರು. ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ. ಆರು ತಿಂಗಳು ನನಗೆ ಎಂಥಾ ಉಪಚಾರ! ಭಾರ ಎತ್ತಲು ಬಿಡಲಿಲ್ಲ. ಮಾವ ಹಾಲು ಜಾಸ್ತಿ ಹಾಕಿಸಿದರು. ಸೀಮಂತಕ್ಕೆ ಇಡೀ ಊರು ಕರೆದರು. ಹೆಸರೂ ಇಟ್ಟಾಗಿತ್ತು.

ಹುಟ್ಟಿದ್ದು ಹೆಣ್ಣು. ವಾರ್ಡಿಗೆ ಬಂದವರು ಮಗು ಮುಖ ನೋಡುವ ಮೊದಲು ನನ್ನ ಮುಖ ನೋಡಿದರು, ನಾನೇನೋ ಮೋಸ ಮಾಡಿದೆ ಅನ್ನೋ ಹಾಗೆ. ಆ ದಿನ ತಂದಿದ್ದ ಪೇಢದ ಡಬ್ಬ ತೆಗೆಯಲೇ ಇಲ್ಲ. ಮಂಚದ ಕೆಳಗೆ ಹಾಗೇ ಇತ್ತು. ಡಿಸ್ಚಾರ್ಜ್ ದಿನ ನಾನೇ ಎತ್ತಿಕೊಂಡು ಹೋಗಿ ಆಯಮ್ಮಂದಿರಿಗೆ ಹಂಚಿದೆ.

ಯಾರೂ ಏನೂ ಹೇಳದೇ ಇದ್ದಿದ್ದರೆ ಅಷ್ಟು ಏರುತ್ತಲೂ ಇರಲಿಲ್ಲ, ಅಷ್ಟು ಬೀಳುತ್ತಲೂ ಇರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ. ಕಾಫಿಹೂವು, ದಯವಿಟ್ಟು ಯಾರ ಹತ್ತಿರವೂ ಅಂದಾಜು ಕೇಳಬೇಡ.

ತೆಂಗಿನ ತೋಟ, ಕಡೂರು

ನಾನು ಗಂಡಸು, ಇಲ್ಲಿ ಮಾತಾಡಬಹುದು ಅಲ್ವಾ? ನಮ್ಮ ಮನೆಯಲ್ಲೂ ಈಗ ಹನ್ನೊಂದು ವಾರ. ನಮಗೆ ಯಾವುದಾದರೂ ಸರಿ, ದೇವರಾಣೆ. ಬರೀ ಕುತೂಹಲ. ನನ್ನ ಸ್ನೇಹಿತ ಅಮೆರಿಕದಲ್ಲಿದ್ದಾನೆ. ಅವರು ಕೇಕ್ ಕತ್ತರಿಸಿ, ಒಳಗೆ ನೀಲಿ ಬಂದರೆ ಗಂಡು ಅಂತ ಹಬ್ಬ ಮಾಡುತ್ತಾರೆ. ಅಲ್ಲಿ ಸರಿ, ಇಲ್ಲಿ ತಪ್ಪು ಅಂದರೆ ಹೇಗೆ? ನಮ್ಮಂಥವರಿಗಾದರೂ ಹೇಳಬಹುದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಕರಿಕೋಟು, ಹೊಳೆನರಸೀಪುರ

ಕೇಳಿದ್ದು ಒಳ್ಳೆಯದಾಯಿತು ಸರ್. ಬಹಳ ಜನ ಮನಸ್ಸಲ್ಲೇ ಇಟ್ಟುಕೊಳ್ಳುತ್ತಾರೆ. ನಾನು ವಕೀಲೆ.

ನಿಮಗೆ ಕುತೂಹಲ ಮಾತ್ರ ಅಂತ ನೀವು ಹೇಳಿದರೆ ನಾನು ನಂಬುತ್ತೇನೆ. ಆದರೆ ಸ್ಕ್ಯಾನ್ ರೂಮಿನಲ್ಲಿ ಕೂತ ಡಾಕ್ಟರಿಗೆ ಯಾರದು ಕುತೂಹಲ, ಯಾರ ಮನಸ್ಸಲ್ಲಿ ಬೇರೆ ಲೆಕ್ಕ ಇದೆ ಅಂತ ಹೇಗೆ ಗೊತ್ತಾಗಬೇಕು? ಬಾಯಲ್ಲಿ ಎಲ್ಲರೂ "ಯಾವುದಾದರೂ ಸರಿ" ಅಂತಲೇ ಅನ್ನುತ್ತಾರೆ. ಅದಕ್ಕೇ ಕಾನೂನು ಯಾರಿಗೂ ಹೇಳಬೇಡಿ ಅಂದಿದೆ. ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಪತ್ತೆ ಮಾಡುವುದನ್ನು ತಡೆಯುವ ಈ ಕಾಯ್ದೆ (ಪಿಸಿಪಿಎನ್‌ಡಿಟಿ) ಆಗಿದ್ದು 1994ರಲ್ಲಿ. ಜಾರಿಗೆ ಬಂದದ್ದು 1996ರ ಜನವರಿ 1ರಿಂದ. 2003ರಲ್ಲಿ ತಿದ್ದುಪಡಿ ಮಾಡಿ ಇನ್ನೂ ಬಿಗಿ ಮಾಡಿದರು.

ಯಾಕೆ ಬೇಕಾಯಿತು ಅಂದರೆ ಜನಗಣತಿ ನೋಡಿ. ಆರು ವರ್ಷದೊಳಗಿನ ಮಕ್ಕಳಲ್ಲಿ, ಸಾವಿರ ಗಂಡು ಮಕ್ಕಳಿಗೆ ಹೆಣ್ಣು ಮಕ್ಕಳು 1991ರಲ್ಲಿ ದೇಶದಲ್ಲಿ 945 ಇದ್ದರು. 2001ಕ್ಕೆ 927 ಆಯಿತು. 2011ರಲ್ಲಿ ಅದಕ್ಕಿಂತ ಕೆಳಗೆ ಹೋಯಿತು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ಒಟ್ಟು ಜನಸಂಖ್ಯೆಯಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ ಅಂತ 2011ರ ಗಣತಿ ಹೇಳುತ್ತದೆ, ಅದು ನಿಜ. ಆದರೆ ಅದನ್ನು ಹೇಳಿಕೊಂಡು ನಾವು ಕೈಕಟ್ಟಿ ಕೂರುವ ಹಾಗಿಲ್ಲ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಜಾಲ ಸಿಕ್ಕಿತಲ್ಲ, ಅದು ನಮಗೆ ಎಷ್ಟು ದೂರ? ಚನ್ನರಾಯಪಟ್ಟಣ ದಾಟಿದರೆ ಮಂಡ್ಯ ಜಿಲ್ಲೆ. ಬೆಲ್ಲದ ಕೊಪ್ಪರಿಗೆ ಪಕ್ಕದಲ್ಲಿ ಬಸುರಿಯರನ್ನು ಮಲಗಿಸಿದ್ದರು ಅಂತ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನು ಕಾನೂನು ಏನು ಹೇಳುತ್ತದೆ. ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರೆ ಯಾವ ರೀತಿಯಲ್ಲಾಗಲಿ ಹೇಳಬಾರದು. ಸಂಕೇತದಲ್ಲಿ ಲಾಡು ಕೊಡಿ, ಬರ್ಫಿ ಕೊಡಿ ಅನ್ನುವುದು, ರಿಪೋರ್ಟಲ್ಲಿ ಗುರುತು ಹಾಕುವುದು, ಎಲ್ಲ ಇದರಲ್ಲೇ ಬಂತು. ಹೇಳಿದ ಡಾಕ್ಟರಿಗೆ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಕೇಳಿಕೊಂಡು ಹೋದವರಿಗೆ 3 ವರ್ಷದವರೆಗೆ ಜೈಲು, 50,000ದವರೆಗೆ ದಂಡ. ಎರಡನೇ ಸಲಕ್ಕೆ 5 ವರ್ಷ, 1 ಲಕ್ಷದವರೆಗೆ ಹೋಗುತ್ತದೆ. ಅಂದರೆ ಕೇಳಿದವರ ದಂಡವೇ ದೊಡ್ಡದು, ಗಮನಿಸಿ. ಈ ಅಪರಾಧಕ್ಕೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ರಾಜಿಯೂ ಆಗುವುದಿಲ್ಲ.

ಹೆಣ್ಣುಮಕ್ಕಳು ಒಂದು ಮಾತು ನೆನಪಿಟ್ಟುಕೊಳ್ಳಿ. ಒತ್ತಾಯದಿಂದ ಕರೆದುಕೊಂಡು ಹೋದ ಹೆಂಗಸನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ. ಗಂಡ ಅಥವಾ ಮನೆಯವರೇ ಒತ್ತಾಯ ಮಾಡಿದ್ದಾರೆ ಅಂತಲೇ ಕೋರ್ಟು ಮೊದಲು ಭಾವಿಸುತ್ತದೆ. ಹಾಗಲ್ಲ ಅಂತ ತೋರಿಸುವ ಹೊಣೆ ಅವರದು. ಹೆದರಿಕೊಂಡು ಬಾಯಿ ಮುಚ್ಚಿ ಕೂರಬೇಡಿ.

ಜಾಹೀರಾತೂ ಅಪರಾಧ, ಇಂಟರ್ನೆಟ್ಟಿನಲ್ಲಿ ಹಾಕಿದರೂ ಅಷ್ಟೇ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಕಂಪನಿಗಳ ಹುಡುಕಾಟದಲ್ಲಿ ಇಂಥ ಜಾಹೀರಾತು ಬರುವ ಬಗ್ಗೆ ಸುಪ್ರೀಂ ಕೋರ್ಟಿನಲ್ಲಿ ಕೇಸು ನಡೆದು 2017ರಲ್ಲಿ ತೀರ್ಪಾಗಿದೆ.

ತೆಂಗಿನ ತೋಟ, ಕಡೂರು

ಕೇಳಿದವರ ದಂಡ ಜಾಸ್ತಿ ಅಂತ ಗೊತ್ತಿರಲಿಲ್ಲ ಮೇಡಂ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಸ್ಕ್ಯಾನ್ ಫೋಟೋ ಹಾಕಿ "ಗೆಸ್ ಮಾಡಿ" ಅಂತ ಬರೆದಿದ್ದೆ. ಈಗ ತೆಗೆದೆ. ನನ್ನ ಹೆಂಡತಿ ಆವತ್ತೇ ಬೇಡ ಅಂದಿದ್ದಳು.

ಸಕಲೇಶಪುರದವಳು, ಈಗ ಕೆನಡಾ

ಅಣ್ಣ, ಹೊರದೇಶದ ಮಾತು ಬಂತಲ್ಲ, ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಹೇಳುತ್ತಾರೆ ನಿಜ. ನನಗೆ ಹದಿಮೂರನೇ ವಾರದಲ್ಲಿ ಸ್ಕ್ಯಾನ್ ಮಾಡಿದವರು "ಹುಡುಗ ಇರಬೇಕು" ಅಂದರು. ಇಪ್ಪತ್ತನೇ ವಾರದಲ್ಲಿ ಇನ್ನೊಬ್ಬರು ನೋಡಿ "ಹುಡುಗಿ" ಅಂದರು. ಮೊದಲ ಸಲ ಹೊಕ್ಕುಳಬಳ್ಳಿ ಕಾಲುಗಳ ನಡುವೆ ಬಂದಿತ್ತಂತೆ. ಅಷ್ಟು ಹೊತ್ತಿಗೆ ನಾವು ಸಕಲೇಶಪುರಕ್ಕೆ ಫೋನ್ ಮಾಡಿ ಹೇಳಿಯಾಗಿತ್ತು. ಅಮ್ಮ ದೇವಸ್ಥಾನಕ್ಕೂ ಹೋಗಿ ಬಂದಿದ್ದರು. ಮತ್ತೆ ಫೋನ್ ಮಾಡಿ "ಅಲ್ಲವಂತೆ" ಅಂದಾಗ ಆ ಕಡೆಯಿಂದ ಬಂದ ಮೌನ ನನಗೆ ಇನ್ನೂ ಮರೆತಿಲ್ಲ. ಅಮ್ಮ ತುಂಬಾ ಒಳ್ಳೆಯವರು. ಆದರೂ ಆ ನಾಲ್ಕು ಸೆಕೆಂಡಿನ ಮೌನ ಇತ್ತು.

ಸ್ಕ್ಯಾನ್ ರೂಮ್ ಅಕ್ಕ, ಹಾಸನ

ಸಕಲೇಶಪುರದ ತಂಗಿ ಹೇಳಿದ್ದು ನೂರಕ್ಕೆ ನೂರು ಆಗುವಂಥದ್ದೇ. ಇದು ಯಾಕೆ ಹೀಗೆ ಅಂತ ಹೇಳುತ್ತೇನೆ.

ಸುಮಾರು ಒಂಬತ್ತು ವಾರದವರೆಗೆ ಗಂಡು ಮಗು, ಹೆಣ್ಣು ಮಗು ಹೊರಗಿನಿಂದ ಒಂದೇ ಥರ. ಇಬ್ಬರಿಗೂ ಅದೇ ಜಾಗದಲ್ಲಿ ಒಂದು ಪುಟ್ಟ ಮೊಗ್ಗು ಇರುತ್ತದೆ. ಆಮೇಲೆ ಗಂಡಾದರೆ ಒಂದು ರೀತಿ, ಹೆಣ್ಣಾದರೆ ಇನ್ನೊಂದು ರೀತಿ ಅದೇ ಮೊಗ್ಗು ನಿಧಾನವಾಗಿ ಬದಲಾಗುತ್ತದೆ. ಒಂದೇ ದಿನದಲ್ಲಿ ಆಗುವಂಥದ್ದಲ್ಲ, ವಾರಗಟ್ಟಲೆ ಬೇಕು. ಹೊರದೇಶದಲ್ಲಿ ಪಳಗಿದ ತಜ್ಞರು ಅದಕ್ಕೆಂದೇ ಕೂತು ನೋಡಿದಾಗಲೂ ಹನ್ನೊಂದನೇ ವಾರದಲ್ಲಿ ಹತ್ತರಲ್ಲಿ ಮೂರು ತಪ್ಪಾಗಿದ್ದು ದಾಖಲಾಗಿದೆ. ವಾರ ಕಳೆದ ಹಾಗೆ ಅಂಥವರ ಅಂದಾಜು ಸರಿಯಾಗುತ್ತಾ ಹೋಗುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವರು ನೋಡುವುದು ಓಡುತ್ತಿರುವ ಚಿತ್ರ. ಮಗು ತಿರುಗುವವರೆಗೆ ಕಾಯುತ್ತಾರೆ, ಬೇರೆ ಬೇರೆ ಕಡೆಯಿಂದ ನೋಡುತ್ತಾರೆ. ನಮ್ಮ ಕೈಗೆ ಸಿಗುವ ಕಪ್ಪುಬಿಳುಪು ಕಾಗದ ಒಂದು ಕ್ಷಣದ್ದು. ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದ ಮೊಬೈಲ್ ಫೋಟೋ. ಅದರಲ್ಲಿ ಅಕ್ಕಿಕಾಳಿಗಿಂತ ಚಿಕ್ಕದೊಂದನ್ನು ಹುಡುಕಿ ತೀರ್ಪು ಹೇಳುವುದು ಅಂದರೆ ಏನು?

ಆ ಸ್ಕ್ಯಾನ್ ಮಾಡಿಸುವ ಉದ್ದೇಶ ಯಾರೂ ಕೇಳುವುದೇ ಇಲ್ಲ. ನನಗೆ ಅದೇ ಬೇಸರ. ಆರರಿಂದ ಒಂಬತ್ತು ವಾರದ ಸ್ಕ್ಯಾನಿನಲ್ಲಿ ಮಗು ಗರ್ಭಕೋಶದ ಒಳಗೇ ಇದೆಯಾ, ಇಲ್ಲಾ ನಳಿಕೆಯಲ್ಲಿ ನಿಂತಿದೆಯಾ ಅಂತ ಗೊತ್ತಾಗುತ್ತದೆ. ನಳಿಕೆಯಲ್ಲಿ ನಿಂತಿದ್ದರೆ ಅದು ಒಡೆದು ತಾಯಿ ಜೀವಕ್ಕೇ ಅಪಾಯ. ಒಂದು ಮಗುವೋ ಅವಳಿಯೋ, ಹೆರಿಗೆ ದಿನ ಯಾವಾಗ, ಇವೆಲ್ಲ ಆಗಲೇ ತಿಳಿಯುತ್ತವೆ. ಹನ್ನೊಂದರಿಂದ ಹದಿನಾಲ್ಕು ವಾರದೊಳಗಿನ ಎನ್‌ಟಿ ಸ್ಕ್ಯಾನಿನಲ್ಲಿ ಮಗುವಿನ ಕತ್ತಿನ ಹಿಂದೆ ಚರ್ಮದಡಿ ಇರುವ ನೀರಿನ ಪದರ ಅಳೆಯುತ್ತಾರೆ. ನಿನ್ನದು 1.3. ಅದು 3.5 ದಾಟಿದ್ದರೆ ಮುಂದಿನ ಪರೀಕ್ಷೆ ಬೇಕಾಗುತ್ತಿತ್ತು. ಸಿಆರ್‌ಎಲ್ 58 ಅಂದರೆ ಮಗು ತಲೆಯಿಂದ ಕುಂಡಿಯವರೆಗೆ 58 ಮಿಲಿಮೀಟರ್ ಬೆಳೆದಿದೆ, ನಿನ್ನ ವಾರಕ್ಕೆ ಸರಿಯಾಗಿದೆ. ಇಷ್ಟೊಂದು ಒಳ್ಳೆಯ ಸುದ್ದಿ ಆ ಕಾಗದದಲ್ಲಿದೆ ತಂಗಿ.

ಕೊಪ್ಪದ ಅಜ್ಜಿ (ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ)

ನಮ್ಮ ಕಾಲದಲ್ಲಿ ಸ್ಕ್ಯಾನಿಂಗ್ ಇರಲಿಲ್ಲ, ಆದರೆ ಊಹೆಗೇನೂ ಕಡಿಮೆ ಇರಲಿಲ್ಲ ಮಾರಾಯ್ತಿ. ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ನನ್ನ ತವರಲ್ಲಿ ಸಿಹಿ ಬಯಸಿದರೆ ಹೆಣ್ಣು ಅನ್ನುತ್ತಿದ್ದರು, ಗಂಡನ ಮನೆಯಲ್ಲಿ ಸಿಹಿ ಬಯಸಿದರೆ ಗಂಡು ಅನ್ನುತ್ತಿದ್ದರು. ಎರಡು ಊರಿನ ನಡುವೆ ಎಂಟು ಮೈಲಿ ಅಷ್ಟೇ. ನಮ್ಮ ಅತ್ತೆ ಹೊಸಿಲು ದಾಟುವಾಗ ಯಾವ ಕಾಲು ಮುಂದಿಡುತ್ತೇನೆ ಅಂತ ನೋಡುತ್ತಿದ್ದರು. ಬಲಗಾಲಿಟ್ಟರೆ ಗಂಡು. ನಾನು ಒಂಬತ್ತು ತಿಂಗಳೂ ಎಣಿಸಿಕೊಂಡು ಹೆಜ್ಜೆ ಹಾಕಿದ್ದೇನೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಬದಲಿಸಲು ಹೋಗಿ ಬಿದ್ದೂ ಇದ್ದೇನೆ.

ನನಗೆ ನಾಲ್ಕು ಹೆಣ್ಣು. ಮೊದಲ ಮಗುವಿಗೆ ಮೂರು ತಿಂಗಳು ಬಾಣಂತನ ಮಾಡಿದರು. ಎಣ್ಣೆ, ಬಿಸಿನೀರು, ಮೆಂತ್ಯದ ಹಿಟ್ಟು, ಕಿವಿಗೆ ಹತ್ತಿ, ಎಲ್ಲ ಇತ್ತು. ಎರಡನೆಯದಕ್ಕೆ ಒಂದೂವರೆ ತಿಂಗಳು. ನಾಲ್ಕನೆಯದು ಹುಟ್ಟಿ ಹದಿನೈದು ದಿನಕ್ಕೆ ಅಡಿಕೆ ಸುಲಿಯಲು ಕೂತಿದ್ದೆ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಬಿಸಿನೀರಿನ ಒಲೆ ಹಚ್ಚುವುದನ್ನು ನಿಲ್ಲಿಸಿದರು, ಅಷ್ಟೇ. ಆಗ ಹಿಡಿದ ಸೊಂಟನೋವು ಈಗಲೂ ಇದೆ.

ಗಂಡಾಗುವುದು ಹೆಣ್ಣಾಗುವುದು ಗಂಡಸಿನ ಕಡೆಯಿಂದ ಅಂತ ಮೊಮ್ಮಗಳು ಈಗ ಹೇಳಿದಳು. ಎಂಬತ್ತೊಂದು ವರ್ಷಕ್ಕೆ ಇದು ನನಗೆ ತಿಳಿಯಿತು. ಸುಮ್ಮನೆ ಕೂತು ಸ್ವಲ್ಪ ಹೊತ್ತು ಅತ್ತೆ.

ಆ ಮಗುವಿಗೆ ಬಾಣಂತನ ಪೂರ್ತಿ ಮಾಡಿಸಿ. ಯಾವುದೇ ಹುಟ್ಟಲಿ, ಒಲೆ ಆರಿಸಬೇಡಿ.

ಎರಡು ಜಡೆ ಅಮ್ಮ, ಬೇಲೂರು

ಅಜ್ಜಿ 🙏 ನಾನು ಇಲ್ಲಿ ಅಡುಗೆ ಮನೆಯಲ್ಲಿ ನಿಂತು ಅಳುತ್ತಿದ್ದೇನೆ.

ಕಾಫಿಹೂವು, ಮೂಡಿಗೆರೆ ಕಡೆ

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ. ಇನ್ನು ನಿಜ ಹೇಳದೇ ಇರಲು ಆಗುವುದಿಲ್ಲ.

ನನಗೆ ಕುತೂಹಲ ಅಲ್ಲ. ನಮ್ಮ ಓರಗಿತ್ತಿಗೆ ಎರಡು ಹೆಣ್ಣು. ಎರಡನೆಯದು ಹುಟ್ಟಿದಾಗ ನಮ್ಮತ್ತೆ ನಾಮಕರಣಕ್ಕೆ ಮೂರು ತಿಂಗಳು ದಿನ ನೋಡಲೇ ಇಲ್ಲ. ಈಗ ನನ್ನ ಸರದಿ. ದಿನಾ ಸಂಜೆ ಕಾಫಿ ಲೋಟ ಕೈಗೆ ಕೊಡುವಾಗ "ಆರತಿಗೆ ಇಬ್ಬರಿದ್ದಾರೆ, ಕೀರ್ತಿಗೆ ಒಬ್ಬ ಬೇಕು" ಅನ್ನುತ್ತಾರೆ. ಜೋರಾಗಿ ಅಲ್ಲ, ಪ್ರೀತಿಯಿಂದಲೇ ಅನ್ನುತ್ತಾರೆ. ಅದು ಇನ್ನೂ ಕಷ್ಟ. ನಮ್ಮ ಯಜಮಾನರು ಕೇಳಿಸಿಕೊಂಡು ಮೊಬೈಲ್ ನೋಡುತ್ತಾ ಇರುತ್ತಾರೆ.

ಹೆಣ್ಣು ಅಂತ ಈಗಲೇ ಗೊತ್ತಾದರೆ ಅಳುವುದನ್ನೆಲ್ಲ ಮೊದಲೇ ಅತ್ತು ಮುಗಿಸಬಹುದು ಅಂದುಕೊಂಡಿದ್ದೆ. ಹೆರಿಗೆ ದಿನ ಮಗುವನ್ನು ನಗುತ್ತಾ ಎತ್ತಿಕೊಳ್ಳಬಹುದಲ್ಲ ಅಂತ. ಅಷ್ಟಕ್ಕೇ ಕೇಳಿದ್ದು. ಮತ್ತೇನೂ ಯೋಚನೆ ನನ್ನ ಮನಸ್ಸಲ್ಲಿ ಇರಲಿಲ್ಲ. ನಮ್ಮತ್ತೆಯ ಅಣ್ಣನ ಕಡೆಯವರೊಬ್ಬರು ಮಾತ್ರ "ಗೊತ್ತಿರುವವರು ಒಬ್ಬರಿದ್ದಾರೆ, ಫೋಟೋ ಕಳಿಸಿ ಸಾಕು" ಅಂತ ಎರಡು ಸಲ ಫೋನ್ ಮಾಡಿದ್ದಾರೆ.

ಊರಿನ ಆಶಾ, ಅರಕಲಗೂಡು ಕಡೆ

ಕಾಫಿಹೂವು, ಆ "ಗೊತ್ತಿರುವವರು" ಅನ್ನೋ ಮಾತು ಓದಿ ಕೈಕಾಲು ತಣ್ಣಗಾಯಿತು. ದಯವಿಟ್ಟು ಫೋಟೋ ಕಳಿಸಬೇಡಿ. ನಾನು ಆಶಾ ಕಾರ್ಯಕರ್ತೆ, ನೋಡಿದ್ದನ್ನೇ ಹೇಳುತ್ತೇನೆ. ಊರು, ಹೆಸರು ಹೇಳುವುದಿಲ್ಲ.

ನನ್ನ ಪಟ್ಟಿಯಲ್ಲಿ ಒಬ್ಬಳಿದ್ದಳು. ಎರಡು ಹೆಣ್ಣು, ಮೂರನೇ ಬಸುರಿ. ತಾಯಿ ಕಾರ್ಡ್ ಮಾಡಿಸಿದ್ದೆ. ನಾಲ್ಕನೇ ತಿಂಗಳಲ್ಲಿ ಕಬ್ಬಿಣದ ಮಾತ್ರೆ ಕೊಡಲು ಹೋದರೆ "ಹೋಯಿತು, ಬಿದ್ದುಬಿಟ್ಟೆ" ಅಂದಳು. ಮುಖ ಸುಣ್ಣದ ಹಾಗೆ ಬೆಳ್ಳಗಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವಳು ಕಣ್ಣಲ್ಲೇ ಹೇಳಿದಳು. ಎರಡು ದಿನಕ್ಕೆ ರಕ್ತ ನಿಲ್ಲದೆ 108 ಕರೆಸಿ ಹಾಸನಕ್ಕೆ ಸಾಗಿಸಿದೆವು. ಬದುಕಿದಳು. ಆಮೇಲೆ ಒಂದು ದಿನ ಒಬ್ಬಳೇ ಸಿಕ್ಕಾಗ ಹೇಳಿದಳು, ಮಧ್ಯವರ್ತಿಯೊಬ್ಬ ಬರೀ ಕಾಗದ ನೋಡಿ ಹೆಣ್ಣು ಅಂದನಂತೆ. ಯಂತ್ರವೂ ಇಲ್ಲ, ಡಾಕ್ಟರೂ ಇಲ್ಲ. ಆ ಮಗು ಏನಾಗಿತ್ತೋ ಯಾರಿಗೂ ಗೊತ್ತಿಲ್ಲ.

ನನಗೆ ಆಮೇಲೆ ಅರ್ಥ ಆದದ್ದು ಇದು. ಅಂದಾಜು ಮಾರುವವನ ಮಾತು ಸರಿಯಾಗಬೇಕು ಅಂತೇನಿಲ್ಲ. ಕಣ್ಣು ಮುಚ್ಚಿ ಹೇಳಿದರೂ ಎರಡಕ್ಕೊಂದು ಸರಿ ಬರುತ್ತದೆ. ಸರಿ ಬಂದವರು ಊರೆಲ್ಲ ಹೊಗಳುತ್ತಾರೆ. ತಪ್ಪಾದವರು ಯಾರ ಹತ್ತಿರ ಹೋಗಿ ದೂರು ಕೊಡುತ್ತಾರೆ? ಕೇಳಿದ್ದೇ ತಪ್ಪು ಅಂತ ಅವರಿಗೂ ಗೊತ್ತು. ಹೆಣ್ಣು ಅಂದು ತೆಗೆಸಿದವರಿಗಂತೂ ಅವನು ಹೇಳಿದ್ದು ಸುಳ್ಳು ಅಂತ ಯಾವತ್ತೂ ಗೊತ್ತಾಗುವುದೇ ಇಲ್ಲ. ಅವನಿಗೆ ಎರಡೂ ಕಡೆಯಿಂದ ದುಡ್ಡು.

ಮತ್ತೆ ಫೋನ್ ಬಂದರೆ ನಂಬರ್ ಬರೆದಿಟ್ಟುಕೊಳ್ಳಿ. ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ, ಇಲ್ಲಾ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ತಿಳಿಸಿ. ನಿಮ್ಮೂರಿನ ಆಶಾ ಹತ್ತಿರ ಗುಟ್ಟಾಗಿ ಹೇಳಿದರೂ ಆಯಿತು. ಮೊದಲ ಹೆರಿಗೆ ಅಲ್ವಾ, ಮಾತೃ ವಂದನಾ ಯೋಜನೆಯಲ್ಲಿ 5,000 ರೂಪಾಯಿ ಬರುತ್ತದೆ, ಅರ್ಜಿ ಹಾಕಿದ್ದೀರಾ ಅಂತಲೂ ಅವರನ್ನೇ ಕೇಳಿ. ಮುಂದೆ ಎರಡನೆಯದು ಹೆಣ್ಣಾದರೆ 6,000 ಇದೆ.

ಕರಿಕೋಟು, ಹೊಳೆನರಸೀಪುರ

ಆಶಾ ಅಕ್ಕ ಹೇಳಿದ ಹಾಗೆ ಮಾಡಿ. ನಿಮ್ಮ ಯಜಮಾನರಿಗೆ ಆ ಫೋನ್ ವಿಷಯ ಗೊತ್ತಾ? ಗೊತ್ತಿಲ್ಲದಿದ್ದರೆ ಇವತ್ತೇ ಹೇಳಿ. ನಾನು ಮೇಲೆ ಬರೆದ ಶಿಕ್ಷೆಯ ಭಾಗ ತೋರಿಸಿ.

ಎರಡು ಜಡೆ ಅಮ್ಮ, ಬೇಲೂರು

ಒಂದು ಮಾತು ಹೇಳಲಾ? ಮೊದಲೇ ಅತ್ತು ಮುಗಿಸುವುದು ಅಂತ ಒಂದಿಲ್ಲ. ಈಗ ಗೊತ್ತಾದರೆ ಆರು ತಿಂಗಳು ಅಳುತ್ತೀಯ, ಹೆರಿಗೆ ದಿನವೂ ಅಳುತ್ತೀಯ. ನನ್ನ ಅತ್ತೆಗೆ ನನ್ನ ಮಾತು ಹಿಡಿಸುತ್ತಿರಲಿಲ್ಲ, ಡಾಕ್ಟರ ಮಾತು ಹಿಡಿಸುತ್ತಿತ್ತು. ನಿಮ್ಮತ್ತೆ, ಯಜಮಾನರು ಇಬ್ಬರನ್ನೂ ಮುಂದಿನ ಸ್ಕ್ಯಾನಿಗೆ ಕರೆದುಕೊಂಡು ಹೋಗು. ಅವರು ಇದುವರೆಗೆ ಬರೀ ಕಾಗದ ನೋಡಿದ್ದಾರೆ, ಮಗು ನೋಡಿಲ್ಲ.

ಸ್ಕ್ಯಾನ್ ರೂಮ್ ಅಕ್ಕ, ಹಾಸನ

ಒಳ್ಳೆಯ ಉಪಾಯ. ಹದಿನೆಂಟರಿಂದ ಇಪ್ಪತ್ತೆರಡು ವಾರದೊಳಗೆ ಅನಾಮಲಿ ಸ್ಕ್ಯಾನ್ ಇರುತ್ತದೆ. ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಕಿಡ್ನಿ, ತುಟಿ ಎಲ್ಲ ಒಂದೊಂದಾಗಿ ನೋಡುತ್ತಾರೆ. ಒಳಗೆ ಎಷ್ಟು ಜನರನ್ನು ಬಿಡುತ್ತಾರೆ ಅಂತ ಮೊದಲೇ ಕೇಳಿಕೋ. ಹೋಗುವ ಮುಂಚೆ ಅತ್ತೆಗೆ "ಅಲ್ಲಿ ಗಂಡು ಹೆಣ್ಣು ಕೇಳಿದರೆ ಡಾಕ್ಟರಿಗೆ ತೊಂದರೆ" ಅಂತ ಯಜಮಾನರ ಬಾಯಲ್ಲೇ ಹೇಳಿಸು. ನೀನು ಹೇಳಬೇಡ.

ಕಾಫಿಹೂವು, ಮೂಡಿಗೆರೆ ಕಡೆ (ಎರಡು ತಿಂಗಳ ನಂತರ)

ನೆನಪಿದ್ದೇನಾ? ನಿನ್ನೆ ಇಪ್ಪತ್ತನೇ ವಾರದ ಸ್ಕ್ಯಾನ್ ಆಯಿತು.

ಆ ಫೋನಿನ ವಿಷಯ ಆವತ್ತೇ ರಾತ್ರಿ ಯಜಮಾನರಿಗೆ ಹೇಳಿದೆ, ಈ ಚರ್ಚೆಯನ್ನೂ ಓದಲು ಕೊಟ್ಟೆ. ಕೊಪ್ಪದ ಅಜ್ಜಿ ಬರೆದದ್ದು ಓದುವಾಗ ಅವರು ಮೊಬೈಲ್ ಕೆಳಗಿಟ್ಟು ಹೊರಗೆ ಹೋದರು. ಬೆಳಿಗ್ಗೆ ಆ ಸಂಬಂಧಿಕರಿಗೆ ಅವರೇ ಫೋನ್ ಮಾಡಿ, ಇನ್ನೊಂದು ಸಲ ಈ ಮಾತು ಎತ್ತಿದರೆ ದೂರು ಕೊಡುತ್ತೇನೆ ಅಂದರು. ಮತ್ತೆ ಫೋನ್ ಬಂದಿಲ್ಲ.

ಈಗ ತೋಟದಲ್ಲಿ ಕುಯ್ಲು ಜೋರು. ಆದರೂ ಅತ್ತೆ ಬಂದರು. ಡಾಕ್ಟರು ಸ್ಕ್ರೀನ್ ತಿರುಗಿಸಿ ಮಗುವಿನ ಹೃದಯ ತೋರಿಸಿದರು. ನಾಲ್ಕು ಕೋಣೆಯೂ ತೆಗೆದು ಮುಚ್ಚುವುದು ಕಾಣುತ್ತಿತ್ತು. ಅತ್ತೆ ಹತ್ತಿರ ಬಂದು "ಒಳಗೆ ಉಸಿರುಗಟ್ಟುವುದಿಲ್ವಾ ಅದಕ್ಕೆ?" ಅಂತ ಕೇಳಿದರು. ಗಾಳಿ ಬೇಕಾಗಿಲ್ಲ, ನಿಮ್ಮ ಸೊಸೆಯ ರಕ್ತದಿಂದಲೇ ಬಳ್ಳಿ ಮೂಲಕ ಎಲ್ಲ ಹೋಗುತ್ತದೆ ಅಂತ ಡಾಕ್ಟರು ಹೇಳಿದರು. ಅತ್ತೆ ನನ್ನ ಕಾಲಿನ ಮೇಲೆ ಕೈ ಇಟ್ಟರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಎಲ್ಲ ಬದಲಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ವಾಪಸ್ ಬರುವಾಗ ಆಲ್ದೂರು ದಾಟುವ ಹೊತ್ತಿಗೆ ಬಸ್ಸಿನಲ್ಲಿ ಮೆಲ್ಲಗೆ "ಏನಾದರೂ ಸುಳಿವು ಕೊಟ್ಟರಾ?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು "ಅಮ್ಮ, ಇವಳ ರಕ್ತ ಕಡಿಮೆ ಇದೆಯಂತೆ, ಅದನ್ನು ಕೇಳು" ಅಂದರು.

ಅದೇ ಈಗ ಚಿಂತೆ. ಹಿಮೋಗ್ಲೋಬಿನ್ 9.8 ಬಂದಿದೆ. ಕಬ್ಬಿಣದ ಮಾತ್ರೆ ದಿನಾ ತಗೊಳ್ಳುತ್ತಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಬೆಳಿಗ್ಗೆ ತಿಂಡಿ ಆದ ಮೇಲೆ ಕಾಫಿ ಜೊತೆ ನುಂಗುತ್ತೇನೆ. ಆದರೂ ಯಾಕೆ ಏರುತ್ತಿಲ್ಲ?

ಸ್ಕ್ಯಾನ್ ರೂಮ್ ಅಕ್ಕ, ಹಾಸನ

ಕಾಫಿ ಜೊತೆ ಬೇಡ ತಂಗಿ! ಕಾಫಿ, ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬಸುರಿಯರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ, ಹಾಗಾಗಿ 9.8 ಅನ್ನು ಹಗುರವಾಗಿ ತಗೋಬೇಡ. ಡಾಕ್ಟರಿಗೆ ತೋರಿಸಿ ಮಾತ್ರೆ ಎಷ್ಟು ಅಂತ ಕೇಳು. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇರಲಿ. ನಿಂಬೆಹಣ್ಣಿನ ಪಾನಕದ ಜೊತೆ ನುಂಗು. ಕ್ಯಾಲ್ಸಿಯಂ ಮಾತ್ರೆಯನ್ನೂ ಅದೇ ಹೊತ್ತಿಗೆ ತಗೋಬೇಡ, ಅದು ಬೇರೆ ಹೊತ್ತಿಗೆ.

ಊರಿನ ಆಶಾ, ಅರಕಲಗೂಡು ಕಡೆ

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ತಗೊಂಡು ಹೋಗಿ ರಕ್ತ ಮತ್ತೆ ನೋಡಿಸಿ.

ಕಾಫಿಹೂವು, ಮೂಡಿಗೆರೆ ಕಡೆ

ಅತ್ತೆಗೆ ಓದಿ ಹೇಳಿದೆ. ನಾಳೆಯಿಂದ ಬೆಳಿಗ್ಗೆ ನಿಂಬೆ ಪಾನಕ ತಾವೇ ಮಾಡಿಕೊಡುತ್ತಾರಂತೆ. ಕಾಫಿ ಹನ್ನೊಂದು ಗಂಟೆಗೆ.